ಬಸ್ಸಿನ ಬಾಗಿಲೂ ಮಳೆಯ ನೀರೂ

ಮೃಗಶಿರೆಯ ಮಳೆ ಹಿಡಿಯುವುದಕ್ಕೆ ಮುಂಚೆ ಮನೆಯ ಯಜಮಾನನು ಸುತ್ತ ಒಂದು ಸಾರಿ ತಿರುಗಿ ನೋಡತಕ್ಕ ಸ್ಥಳಗಳಾವುವೆಂಬುದು ನಮ್ಮ ವಾಚಕರಿಗೆ ತಿಳಿಯದ ಸಂಗತಿಯಲ್ಲ. ಹೆಂಚು ಕೈಯಾಡಿಸುವುದು, ದೋಣಿಯಲ್ಲಿ ಕೂತ ಎಲೆಕಸ ತೆಗೆಯುವುದು, ಸೂರಿನ ನೀರು ಗೋಡೆಯ ಬುಡಕ್ಕೆ ನಿಲ್ಲದಂತೆ ಕಾಲುವೆ ಬಿಡಿಸುವುದು, ಗಾಳಿಮಳೆ ಹೊಡೆಯುವ ಕಡೆಯ ಜಗಲಿಗೆ ತಟ್ಟಿ ಕಟ್ಟುವುದು, ಇವೆಲ್ಲವೂ ತಂದೆ ತಾತಂದಿರ ಕಾಲದಿಂದ ನಡೆದುಬಂದ ಕೆಲಸಗಳು. ಆದರೆ ಈ ಸಾರಿ ನಾನು ಬರೆಯಹೊರಟಿರುವುದು ಹೆಂಚಿನ ಮನೆಯ ವಿಷಯವನ್ನಲ್ಲ. ಕೊಠಡಿಯಾಗಿ ಮಾರ್ಪಟ್ಟ ಒಂದು ಶಾಲಾ ಬಸ್ಸಿನ ವಿಷಯವನ್ನು, ಅದರಲ್ಲಿಯೂ ಆ ಬಸ್ಸಿನ ಬಾಗಿಲಿನ ವಿಷಯವನ್ನು. ಓದುವವರು ನಗಬಾರದು.

ಮಾದಿಹಳ್ಳಿಯು ಬೇಲೂರು ತಾಲ್ಲೂಕಿನ ಒಂದು ಹೋಬಳಿ. ಪಡುವಣಕ್ಕೆ ಹೋದರೆ ಸಕಲೇಶಪುರದ ಕಾಫಿ ತೋಟಗಳೂ ಬಿಡದೆ ಸುರಿಯುವ ಮಳೆಯೂ. ಮೂಡಣಕ್ಕೆ ಹೋದರೆ ಅರಸೀಕೆರೆಯ ಒಣಬಯಲೂ ತೆಂಗಿನ ತೋಟಗಳೂ. ನಡುವೆ ಇರುವ ನಮ್ಮನ್ನು ಅರೆಮಲೆನಾಡಿನವರೆಂದು ಕರೆಯುತ್ತಾರೆ. ಇದರ ಫಲವೇನೆಂದರೆ, ಮಲೆನಾಡಿನವರ ಹಾಗೆ ಮಳೆಗೆ ಸಿದ್ಧರಾಗಿರುವ ಅಭ್ಯಾಸ ನಮಗಿಲ್ಲ. ಬಯಲುಸೀಮೆಯವರ ಹಾಗೆ ಮಳೆಯನ್ನು ಮರೆತು ಕೂರುವುದಕ್ಕೂ ಆಗುವುದಿಲ್ಲ.

ಖಾಸಗಿ ಶಾಲೆಯೊಂದರ ಹಳೆಯ ಬಸ್ಸು ಮಾರಾಟಕ್ಕೆ ಬಂದಾಗ ನನ್ನ ಅಳಿಯನು ಅದನ್ನು ಕೊಂಡನು. ಅವನಿಗೆ ಬೇಕಾಗಿದ್ದುದು ಯಂತ್ರವೂ ಗೇರಿನ ಪೆಟ್ಟಿಗೆಯೂ ಮಾತ್ರ. ಅವುಗಳನ್ನು ಬಿಚ್ಚಿ ಮಾರಿದ ಮೇಲೆ ಹಳದಿಯ ಹೊರಕವಚವು ಉಳಿಯಿತು. “ಗುಜರಿಗೆ ಹಾಕಿಬಿಡಲೇ, ಮಾವಯ್ಯ?” ಎಂದು ಕೇಳಿದನು. ನಲವತ್ತು ಮಕ್ಕಳು ಕೂತು ಪಾಠಶಾಲೆಗೆ ಹೋಗಿಬರುತ್ತಿದ್ದ ಗಾಡಿ ಸುತ್ತಿಗೆಯ ಬಾಯಿಗೆ ಹೋಗುವುದನ್ನು ಮೇಷ್ಟರಾಗಿದ್ದವನು ಹೇಗೆ ಒಪ್ಪುವುದು? 2024ರ ಯುಗಾದಿ ಕಳೆದ ಮೇಲೆ ಟ್ರಾಕ್ಟರಿಗೆ ಕಟ್ಟಿಸಿ ಎಳೆಸಿ ನಮ್ಮ ತೆಂಗಿನ ತೋಟದ ಮೂಲೆಯಲ್ಲಿ ನಿಲ್ಲಿಸಿಕೊಂಡೆನು. ಆಸನಗಳನ್ನು ಕೀಳಿಸಿ, ಎರಡು ಉದ್ದನೆಯ ಮೇಜು ಹಾಕಿಸಿ, ಮನೆಯಲ್ಲಿದ್ದ ನಾನೂರು ಪುಸ್ತಕಗಳನ್ನು ಅಲ್ಲಿಗೆ ಸಾಗಿಸಿ, ಸಂಜೆಯ ವೇಳೆ ಊರ ಮಕ್ಕಳು ಬಂದು ಓದಿಕೊಳ್ಳಲೆಂದು ವಿದ್ಯುದ್ದೀಪವನ್ನೂ ಎಳೆಸಿದೆನು. ನನ್ನ ಮನೆಯಾಕೆ ಮಾತ್ರ, “ಅರವತ್ತಕ್ಕೆ ಅರಳು ಮರಳು ಅಂತ ಸುಮ್ಮನೆ ಹೇಳಿದ್ದಾರೆಯೆ!” ಎಂದಳು.

ಈ ಅರಳು ಮರಳು ನನಗೊಬ್ಬನಿಗೇ ಬಂದದ್ದಲ್ಲ. ಶಾಲಾ ಬಸ್ಸಿಗೆ ಹಳದಿಯ ಬಣ್ಣವಿರಬೇಕೆಂದು 1939ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಟೀಚರ್ಸ್ ಕಾಲೇಜಿನಲ್ಲಿ ಫ್ರಾಂಕ್ ಸೈರ್ ಎಂಬ ಅಧ್ಯಾಪಕರು ಸಭೆ ಕೂಡಿಸಿ ಗೊತ್ತುಮಾಡಿದರು; ಆ ದೇಶದಲ್ಲಿ ಈಗ ಅಂಥ ಹಳೆಯ ಬಸ್ಸುಗಳನ್ನು ಕೊಂಡು, ಒಲೆ ಹಾಸಿಗೆಗಳನ್ನು ಹೂಡಿ, ಸಂಸಾರಸಮೇತ ವಾಸಮಾಡುವವರು ಅನೇಕರಿದ್ದಾರೆ. ಅವುಗಳಿಗೆ ‘ಸ್ಕೂಲಿ’ ಎಂದು ಮುದ್ದಿನ ಹೆಸರೂ ಉಂಟು. ಅಷ್ಟು ದೂರ ಹೋಗುವುದೇಕೆ? ನಮ್ಮ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವೇ 2020ರಲ್ಲಿ ಒಂದು ಹಳೆಯ ಬಸ್ಸನ್ನು ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಸ್ತ್ರೀಯರ ಶೌಚಾಲಯವನ್ನಾಗಿ ಮಾಡಿ, ಹಸುಗೂಸಿಗೆ ಹಾಲೂಡುವುದಕ್ಕೂ ಅದರಲ್ಲಿ ಎಡೆಮಾಡಿಕೊಟ್ಟಿತು. ಕೊರೋನಾ ಹಾವಳಿಯ ಕಾಲದಲ್ಲಿ ಬಸ್ಸುಗಳು ಜ್ವರದ ಚಿಕಿತ್ಸಾಲಯಗಳಾದುವು. 2021ರಲ್ಲಿ ‘ಸಾರಿಗೆ ಸುರಕ್ಷಾ’ ಎಂಬ ಹೆಸರಿನಲ್ಲಿ ಒಂದು ಬಸ್ಸು ಪ್ರಾಣವಾಯುವಿನ ಸೌಕರ್ಯವುಳ್ಳ ಹಾಸಿಗೆಗಳೊಡನೆ ತೀವ್ರ ಚಿಕಿತ್ಸೆಯ ಘಟಕವೇ ಆಯಿತು. ಹದಿನೈದು ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿಯನ್ನು ನವೀಕರಿಸಕೂಡದೆಂಬ ನಿಯಮ 2023ರ ಏಪ್ರಿಲ್ 1ರಿಂದ ಬಂದಿರುವುದರಿಂದ ಗುಜರಿಯ ದಾರಿ ಹಿಡಿಯುವ ಗಾಡಿಗಳು ಇನ್ನೂ ಹೆಚ್ಚುವುವು. ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮಾರ್ಪಡಿಸಿದ ಬಸ್ಸನ್ನು ರಸ್ತೆಯಲ್ಲಿ ಓಡಿಸಬೇಕೆನ್ನುವವರು 1988ರ ಮೋಟಾರು ವಾಹನಗಳ ಕಾಯಿದೆಯಂತೆ ನೋಂದಣಾಧಿಕಾರಿಗಳ ಒಪ್ಪಿಗೆ ಪಡೆಯತಕ್ಕದ್ದು. ನಮ್ಮದು ಯಂತ್ರವಿಲ್ಲದೆ ತೋಟದಲ್ಲಿ ನಿಂತದ್ದು. ಅದರ ನೋಂದಣಿಯನ್ನು ಅಳಿಯನು ಮೊದಲೇ ರದ್ದುಮಾಡಿಸಿದ್ದನು.

ಜೂನ್ ತಿಂಗಳ ಎರಡನೆಯ ವಾರದಲ್ಲಿ ಮೊದಲ ಜೋರು ಮಳೆ ಬಂದಿತು. ಬೆಳಿಗ್ಗೆ ಹೋಗಿ ನೋಡುತ್ತೇನೆ, ಬಾಗಿಲಿನ ಮೆಟ್ಟಲುಗಳ ಮೇಲೆ ಎರಡಂಗುಲ ನೀರು; ಅಲ್ಲಿಂದ ನೆಲದ ಹಲಗೆಗೆ ಹರಿದು, ಬಾಗಿಲ ಪಕ್ಕದ ಕಪಾಟಿನ ಕೆಳಗಿನ ಸಾಲೆಲ್ಲ ಒದ್ದೆ. ನನ್ನ ಪುಸ್ತಕಗಳು ನೆನೆದುದಕ್ಕೆ ನಾನು ಅಷ್ಟಾಗಿ ಮರುಗಲಿಲ್ಲ. ನೆರೆಮನೆಯ ಹುಡುಗಿಯೊಬ್ಬಳು ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಳು. ಅವರ ಮನೆ ಒಂದೇ ಅಂಕಣದ್ದು. ಐದು ಜನ, ಒಂದು ದೂರದರ್ಶನದ ಪೆಟ್ಟಿಗೆ. ಪ್ರತಿ ಸಂಜೆಯೂ ಬಸ್ಸಿಗೆ ಬಂದು ಕೂತು ಓದುತ್ತಿದ್ದವಳು, ಹಿಂದಿನ ದಿನ ಗಣಿತದ ಟಿಪ್ಪಣಿಯ ಪುಸ್ತಕವನ್ನು ಅಲ್ಲಿಯೇ ಇಟ್ಟುಹೋಗಿದ್ದಳು. ನೀಲಿಯ ಶಾಯಿಯೆಲ್ಲ ಹರಡಿ ಪ್ರಮೇಯಗಳು ಒಂದರಲ್ಲೊಂದು ಕೂಡಿಕೊಂಡಿದ್ದುವು. “ಇದು ನನ್ನದಲ್ಲ ತಾತ, ಎರವಲು ತಂದದ್ದು” ಎಂದು ಅಷ್ಟೇ ಹೇಳಿದಳು. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ದಿನವೇ ನಾನು ಬೇಲೂರಿಗೆ ಹೋಗಿ, ಕೊಳಾಯಿ ಸಾಮಾನಿನ ಅಂಗಡಿಯಲ್ಲಿ ನಾಲ್ಕು ಕೊಳವೆ ಸಿಲಿಕೋನ್ ಅಂಟು ತಂದೆನು. ಆ ಬಾಗಿಲು, ನಡುವೆ ಕೀಲಿದ್ದು ಮಡಿಚಿಕೊಳ್ಳುವ ಎರಡು ಕದಗಳದು. ಮೇಲೆ, ಕೆಳಗೆ, ಪಕ್ಕದಲ್ಲಿ, ನಡುಗೀಲಿನ ಉದ್ದಕ್ಕೂ, ಎಲ್ಲೆಲ್ಲಿ ಸಂದು ಕಂಡಿತೋ ಅಲ್ಲೆಲ್ಲ ಮೆತ್ತಿದೆನು. ಗಟ್ಟಿಯಾದ ಮೇಲೆ ಕದಗಳು ತೆರೆಯುವಷ್ಟು ಮಾತ್ರ ಬ್ಲೇಡಿನಿಂದ ಗೀರಿದೆನು. ಬಾಗಿಲು ಸ್ವಲ್ಪ ಬಿಗಿಯಾಯಿತು; ಬಿಗಿಯಾದಷ್ಟೂ ಒಳ್ಳೆಯದೆಂದು ನನ್ನ ಎಣಿಕೆ. ಮೂವತ್ತು ವರ್ಷ ಮಕ್ಕಳಿಗೆ ಸಂಧಿ ಹೇಳಿಕೊಟ್ಟವನು ನಾನು. ಸಂಧಿಮಾಡಕೂಡದ ಸ್ಥಳಗಳೂ ಉಂಟು, ಅದಕ್ಕೆ ಪ್ರಕೃತಿಭಾವವೆಂದು ಹೆಸರು ಎಂಬುದನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಾರಿ ಬರೆದಿದ್ದೆನೋ! ಅಲುಗದ ಎರಡು ತಗಡುಗಳ ನಡುವೆ ತುಂಬತಕ್ಕ ಅಂಟನ್ನು ದಿನಕ್ಕೆ ಹತ್ತು ಸಾರಿ ಅಲುಗುವ ಕೀಲಿಗೆ ತುಂಬಿದೆನು.

ಆರಿದ್ರೆಯ ಮಳೆಯ ಒಂದು ಸಂಜೆ, ಆ ಹುಡುಗಿಯೂ ಇನ್ನಿಬ್ಬರು ಚಿಕ್ಕ ಮಕ್ಕಳೂ ಬಸ್ಸಿನಲ್ಲಿದ್ದರು. ಎರಚಲು ಒಳಗೆ ಬರುವುದೆಂದು ಬಾಗಿಲನ್ನು ಬಲವಾಗಿ ಎಳೆದುಕೊಂಡರು. ಕರೆಂಟು ಹೋಯಿತು. ಮನೆಗೆ ಹೊರಡೋಣವೆಂದರೆ ಬಾಗಿಲು ತೆರೆಯದು. ನಡುಗೀಲಿನಲ್ಲಿ ಕಿತ್ತುಬಂದ ಅಂಟಿನ ಉಂಡೆಯೊಂದು ಸುರುಳಿಸುತ್ತಿ ಮಡಿಕೆಯೊಳಗೆ ಸಿಕ್ಕಿಕೊಂಡು ಬೆಣೆಯಂತೆ ಕೂತಿತ್ತು. ಕಿಟಕಿಗಳಿಂದ ಇಳಿಯೋಣವೆಂದರೆ ಶಾಲಾ ಬಸ್ಸಿನ ಕಿಟಕಿಗಳಿಗೆ ಅಡ್ಡ ಸರಳು ಇರಬೇಕೆಂಬುದು ನಿಯಮ; ಮಕ್ಕಳು ತಲೆ ಹೊರಗೆ ಚಾಚದಿರಲೆಂದು ಹಾಕಿದ ಸರಳುಗಳು ಈಗ ಮಕ್ಕಳನ್ನು ಒಳಗೇ ಹಿಡಿದುವು. ಹಿಂಬದಿಯಲ್ಲಿ ಆಪತ್ಕಾಲದ ಬಾಗಿಲೊಂದಿತ್ತು. ಅದಕ್ಕೆ ಅಡ್ಡವಾಗಿ ಅತಿ ದೊಡ್ಡ ಕಪಾಟನ್ನು ನಿಲ್ಲಿಸಿದವನು ನಾನೇ.

ಮಳೆಯ ಸದ್ದಿನಲ್ಲಿ ಅವರು ತಗಡು ಬಡಿಯುತ್ತಿದ್ದುದು ಮೊದಲು ಮನೆಯಾಕೆಗೆ ಕೇಳಿಸಿತು. ಸಲಾಕೆ ತೆಗೆದುಕೊಂಡು ಓಡಿದೆನು. ಕದದ ಅಂಚನ್ನು ಮೀಟಿ ತೆಗೆಯುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಯಾರಿಗೂ ಏನೂ ಆಗಿರಲಿಲ್ಲ. ಏಳು ವರ್ಷದ ಹುಡುಗನು ಅತ್ತು ಅತ್ತು, ಅಳುವುದನ್ನೂ ಬಿಟ್ಟು, ಮೇಜಿನ ಕೆಳಗೆ ಸುಮ್ಮನೆ ಕೂತಿದ್ದನು. ಹುಡುಗಿಯ ತಾಯಿ ಬಂದು ಮಗಳ ತಲೆಯ ಮೇಲೆ ಸೆರಗು ಹೊದಿಸಿ ಕರೆದುಕೊಂಡು ಹೋದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮರುದಿನ ಹುಡುಗಿ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಬಸ್ಸುಗಳ ಟಿಂಕರಿಂಗ್ ಕೆಲಸದಲ್ಲಿ ಕೂದಲು ನೆರೆತ ಒಬ್ಬ ಮಿಸ್ತ್ರಿಗಳನ್ನು ಅಳಿಯನು ಕರೆತಂದದ್ದು ಆ ವಾರದಲ್ಲಿಯೇ. ಅವರು ಬಂದವರು ಬಾಗಿಲ ಹತ್ತಿರಕ್ಕೆ ಹೋಗಲೇ ಇಲ್ಲ. ಮೊದಲು ಬಸ್ಸನ್ನು ಹಿಂದುಮುಂದಾಗಿ ಎರಡು ಪ್ರದಕ್ಷಿಣೆ ಹಾಕಿದರು. ಬಗ್ಗಿ ಗಾಲಿಗಳನ್ನು ನೋಡಿದರು. ಆಮೇಲೆ ಒಳಗೆ ಹೋಗಿ, ಕಪಾಟನ್ನು ತೋರಿಸಿ, “ಮೇಷ್ಟ್ರೇ, ಮೊದಲು ಇದನ್ನು ಇಲ್ಲಿಂದ ತೆಗೆಸಿ. ಮಿಕ್ಕ ಮಾತು ಆಮೇಲೆ” ಎಂದರು. ತೆಗೆಸಿದೆವು. ಹಿಂಬಾಗಿಲಿನ ಚಿಲಕವನ್ನು ಒಳಗಿನಿಂದ ಮಗುವಿನ ಕೈಗೂ ತೆರೆಯುವಂತೆ ಸಡಿಲಮಾಡಿದ ಮೇಲೆಯೇ ಅವರು ತಮ್ಮ ಚೀಲ ಬಿಚ್ಚಿದ್ದು.

“ಬಾಗಿಲು ಸೋರುತ್ತೆ ಅಂತೀರಿ. ನೀರು ಎಲ್ಲಿ ಕಾಣಿಸುತ್ತೋ ಅಲ್ಲೇ ಒಳಗೆ ಬಂದದ್ದು ಅಂತ ಯಾರು ಹೇಳಿದರು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ಪರೀಕ್ಷಿಸಿದ ಬಗೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಬಸ್ಸಿಲ್ಲದವರಿಗೂ ಮನೆಯ ಹಿತ್ತಲ ಬಾಗಿಲಿಗೆ ಇದು ಒದಗುವುದು.

ಕತ್ತಲಾದ ಮೇಲೆ ಬಸ್ಸಿನೊಳಗೆ, ಮೆಟ್ಟಲ ಹತ್ತಿರ, ಒಂದು ಪ್ರಖರವಾದ ದೀಪವಿಟ್ಟು ಬಾಗಿಲು ಮುಚ್ಚಿ ನಾವು ಹೊರಗೆ ನಿಂತೆವು. ಹೊಸ್ತಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗುವುದೆಂಬ ದೇಹಲೀದೀಪನ್ಯಾಯವನ್ನು ನಾನು ಶ್ಲೋಕಗಳ ಅನ್ವಯ ಹೇಳುವಾಗ ಎಷ್ಟೋ ಬಾರಿ ಉದಾಹರಿಸಿದ್ದೇನೆ. ಅದು ಕಣ್ಣೆದುರಿಗೆ ನಡೆದುದು ಅಂದೇ. ಬಾಗಿಲಿನ ಮೇಲ್ಮೂಲೆಯಲ್ಲಿ ಬೆಳಕಿನ ಒಂದು ತ್ರಿಕೋಣ ಕಾಣಿಸಿತು, ಒಂದು ಕಡೆ ಅಗಲ, ಹೋಗುತ್ತ ಹೋಗುತ್ತ ಸಣ್ಣದು. ಬೆಳಗಾದ ಮೇಲೆ ನೀರಿನ ಪರೀಕ್ಷೆ. ನಾನು ಸೊಂಟದ ಮೇಲಿನಿಂದ ಚೊಂಬು ಎತ್ತಿ ಸುರಿಯಹೋದೆನು. ಮಿಸ್ತ್ರಿಗಳು ಕೈಹಿಡಿದರು. ಮೇಲಿನಿಂದ ಸುರಿದರೆ ನೀರು ಎಲ್ಲ ಸಂದುಗಳನ್ನೂ ಏಕಕಾಲದಲ್ಲಿ ನೆನೆಸುವುದರಿಂದ ಎಲ್ಲಿಂದ ನುಗ್ಗಿತೆಂಬುದು ತಿಳಿಯುವುದಿಲ್ಲ. ಕೆಳಗಿನ ಅಂಚಿನಿಂದ ಮೊದಲುಮಾಡಿ, ಒಂದೊಂದು ಗೇಣು ಮೇಲಕ್ಕೆ ಏರುತ್ತ, ಪ್ರತಿ ಹಂತದಲ್ಲಿಯೂ ಕೆಲವು ನಿಮಿಷ ತಾಳಿ ಒಳಗಿದ್ದವರನ್ನು ಕೇಳಬೇಕು. ಹಾಗೆ ಮಾಡಿದಾಗ ತಿಳಿದದ್ದು ಇಷ್ಟು: ಕೆಳಗಿನಿಂದ ಬಂದದ್ದು ಸ್ವಲ್ಪವೇ, ಅದೂ ಮೆಟ್ಟಲಿನ ತುಕ್ಕಿನ ತೂತಿನಿಂದ. ಮುಖ್ಯವಾದ ನೀರು ಬಾಗಿಲಿನ ನೆತ್ತಿಯಿಂದ ಇಳಿದು, ಒಳಗಡೆಯ ತಗಡಿನ ಹಿಂದೆ ಅಡಗಿ ಹರಿದು, ಮೆಟ್ಟಲಿನಲ್ಲಿ ಪ್ರತ್ಯಕ್ಷವಾಗುತ್ತಿತ್ತು. ನಾನು ಕೆಳಗೆ ಮೆತ್ತಿದ ಅಂಟು, ಬಂದ ನೀರು ಹೊರಗೆ ಹೋಗದಂತೆ ಕಟ್ಟೆಯಾಗಿ ನಿಂತಿತ್ತಷ್ಟೆ!

ಆ ತ್ರಿಕೋಣ ಎಲ್ಲಿಂದ ಬಂತು? ಮಿಸ್ತ್ರಿಗಳು ಜೇಬಿನಿಂದ ಒಂದು ದಾರ ತೆಗೆದು ಬಾಗಿಲ ಚೌಕಟ್ಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಹಿಡಿದರು. ಗಂಟುಹಾಕಿ ಗುರುತು ಮಾಡಿಕೊಂಡು ಇನ್ನೆರಡು ಮೂಲೆಗಳಿಗೆ ಹಿಡಿದರು. ಗಂಟು ತಾಳೆಯಾಗಲಿಲ್ಲ, ಎಂಟು ಮಿಲಿಮೀಟರಿನಷ್ಟು ವ್ಯತ್ಯಾಸ. ಆಯತದ ಎರಡು ಕರ್ಣಗಳೂ ಸಮವಾಗಿರಬೇಕೆಂಬುದು ಮಕ್ಕಳಿಗೂ ಗೊತ್ತು. ಯಜ್ಞವೇದಿಯ ಮೂಲೆಗಳನ್ನು ಹಗ್ಗದಿಂದ ಅಳೆದು ಸರಿಪಡಿಸುವ ವಿಧಾನವನ್ನು ಬೌಧಾಯನರ ಶುಲ್ಬಸೂತ್ರದಲ್ಲಿ ಓದಿದವನು ನಾನು. ಹಗ್ಗ ಹಿಡಿದವರು ಮಾತ್ರ ಅವರು. ಚೌಕಟ್ಟು ಓರೆಯಾಗಲು ಕಾರಣ ನೆಲದಲ್ಲಿತ್ತು. ತೋಟದ ಮೆದುಮಣ್ಣಿನಲ್ಲಿ ಹಿಂಬದಿಯ ಎಡಗಾಲಿ ಒಂದು ಗೇಣು ಇಳಿದು, ಇಡೀ ಮೈ ತಿರುಚಿಕೊಂಡು, ಬಾಗಿಲಿನ ಮೇಲ್ಮೂಲೆ ಬಾಯಿಬಿಟ್ಟಿತ್ತು. ನಮ್ಮ ದೇಶದ ಬಸ್ಸುಗಳಿಗೆ ಬಾಗಿಲು ಎಡಗಡೆಗಷ್ಟೆ. ಬಸ್ಸು ಎಡಕ್ಕೆ ವಾಲಿದ್ದರಿಂದ ಚಾವಣಿಯ ನೀರೆಲ್ಲ ಬಾಗಿಲಿನ ಕಡೆಗೇ ಇಳಿಯುತ್ತಿತ್ತು.

ಹೀಗಾಗಿ ಬಾಗಿಲಿನ ರಿಪೇರಿ ಗಾಲಿಯಿಂದ ಮೊದಲಾಯಿತು. ಜಾಕಿ ಕೊಟ್ಟು ಎತ್ತಿ, ಚಾಸಿಯ ಕೆಳಗೆ ನಾಲ್ಕು ಕಡೆ ಸೈಜುಗಲ್ಲುಗಳ ಕಟ್ಟೆ ಕಟ್ಟಿಸಿದೆವು. ಬರಿಯ ಜಾಕಿಯನ್ನು ನಂಬಿ ಯಾರೂ ಗಾಡಿಯ ಕೆಳಗೆ ನುಗ್ಗಬಾರದು. ಕಲ್ಲು ಕೂಡಿಸುವಾಗಲೂ ಕೈ ಮಾತ್ರ ಒಳಗಿರಬೇಕು, ಮೈಯಲ್ಲ. ಈ ಸಾರಿ ಬಲಗಡೆಗೆ ಒಂದಂಗುಲ ಇಳಿಜಾರು ಇರುವಂತೆ ನಿಲ್ಲಿಸಿದೆವು. ಕರ್ಣಗಳ ವ್ಯತ್ಯಾಸ ಎರಡು ಮಿಲಿಮೀಟರಿಗೆ ಇಳಿಯಿತು. ಬೆಳಕಿನ ತ್ರಿಕೋಣ ಹೋಗಿ ಒಂದು ಗೆರೆ ಉಳಿಯಿತು. ಇನ್ನೂ ಒಂದು ಹನಿ ಅಂಟನ್ನಾಗಲಿ ಒಂದು ಮೊಳ ರಬ್ಬರನ್ನಾಗಲಿ ಮುಟ್ಟಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಎರಡನೆಯದು ಸೂರು. ಚಾವಣಿಯ ಅಂಚಿನಲ್ಲಿ ನೀರು ಬಾಗಿಲಿಗೆ ಬೀಳದಂತೆ ಪಕ್ಕಕ್ಕೆ ಒಯ್ಯುವ ಒಂದು ಸಣ್ಣ ಪಟ್ಟಿ ಬಸ್ಸುಗಳಿಗೆ ಇರುತ್ತದೆ. ನಮ್ಮದರಲ್ಲಿ ಅದು ಎಂದೋ ಯಾವುದೋ ಮರದ ಕೊಂಬೆಗೆ ತಗುಲಿ ಕಿತ್ತುಹೋಗಿತ್ತು. ಮಿಸ್ತ್ರಿಗಳು ಅಲ್ಯುಮಿನಿಯಂ ಆಂಗಲ್ ಪಟ್ಟಿಯೊಂದನ್ನು ಬಾಗಿಲಿಗಿಂತ ಎರಡು ಕಡೆಯೂ ಒಂದೊಂದು ಗೇಣು ಉದ್ದವಾಗಿ ಕತ್ತರಿಸಿ, ಹಿಂದಕ್ಕೆ ಸ್ವಲ್ಪ ಇಳಿಜಾರಾಗಿ, ರಿವೆಟ್ ಹೊಡೆದು ಕೂರಿಸಿದರು. ಪಟ್ಟಿಗೂ ತಗಡಿಗೂ ನಡುವೆ ತುಂಬಿದ್ದು ಪಾಲಿಯುರಿಥೇನ್ ಎಂಬ ಅಂಟು. ಅದರ ಮೇಲೆ ಬಣ್ಣ ಹಿಡಿಯುತ್ತದೆ. ಸಿಲಿಕೋನಿನ ಮೇಲೆ ಹಿಡಿಯುವುದಿಲ್ಲ. ಅಲ್ಲದೆ, ಹುಳಿ ವಾಸನೆ ಬರುವ ಜಾತಿಯ ಸಿಲಿಕೋನು ಒಣಗುವಾಗ ಒಂದು ಬಗೆಯ ಆಮ್ಲವನ್ನು ಬಿಡುವುದರಿಂದ ಬರಿಯ ಕಬ್ಬಿಣಕ್ಕೆ ತುಕ್ಕು ತರುವುದೆಂದೂ ಹೇಳಿದರು. ನಾನು ಮೆತ್ತಿದ್ದುದನ್ನು ಕೆರೆದು ತೆಗೆದಾಗ ಅಡಿಯಲ್ಲಿ ಆಗಲೇ ಕೆಂಪು ಮೂಡಿತ್ತು.

ಪಟ್ಟಿಯ ತುದಿಯನ್ನು ಕೆಳಮುಖವಾಗಿ ಮಡಿಚಿದುದೇಕೆಂದು ಕೇಳಿದೆನು. ನೀರು ನೇರವಾಗಿ ಬೀಳುವುದೆಂದು ನಾವು ತಿಳಿದಿರುತ್ತೇವೆ; ಅದು ತಗಡಿನ ತಳಕ್ಕೂ ಅಂಟಿಕೊಂಡು ಒಳಕ್ಕೆ ಹರಿಯುತ್ತದೆ. ಕೆಳಕ್ಕೆ ಬಾಗಿದ ಚೂಪು ಅಂಚಿದ್ದರೆ ಅಲ್ಲಿಯೇ ತೊಟ್ಟಿಕ್ಕಿ ಬೀಳಬೇಕಾಗುತ್ತದೆ. ಹಳೇಬೀಡು ನಮಗೆ ನೆರೆಯ ಊರು. 1121ರ ಸುಮಾರಿಗೆ ಎದ್ದ ಹೊಯ್ಸಳೇಶ್ವರನ ಗುಡಿಯನ್ನು ನೋಡಹೋದವರೆಲ್ಲ ಶಿಲ್ಪಗಳನ್ನು ನೋಡುತ್ತಾರೆ. ಅವುಗಳ ನೆತ್ತಿಯ ಮೇಲೆ ಹೊರಕ್ಕೆ ಚಾಚಿ ಕೆಳಕ್ಕೆ ಬಾಗಿರುವ ಕಲ್ಲಿನ ಸೂರನ್ನು ಯಾರು ನೋಡುತ್ತಾರೆ? ಬಳಪದ ಕಲ್ಲಿನ ಆ ಸೂಕ್ಷ್ಮ ಕೆತ್ತನೆಗಳು ಒಂಬೈನೂರು ಮಳೆಗಾಲಗಳನ್ನು ಕಳೆದು ಉಳಿದಿರುವುದರಲ್ಲಿ ಆ ಸೂರಿನ ಪಾಲೂ ಉಂಟು. ಚಾವಣಿಯ ಆ ಅಂಚಿಗೆ ಅಮರಸಿಂಹನು ವಲೀಕ, ನೀಧ್ರ ಎಂಬ ಎರಡು ಹೆಸರುಗಳನ್ನು ಹೇಳಿದ್ದಾನೆ. ಎರಡನ್ನೂ ಬಾಯಿಪಾಠ ಮಾಡಿಸಿದ ನನಗೆ ಅದರ ಕೆಲಸವೇನೆಂಬುದು ಟಿಂಕರಿಂಗ್ ಮಿಸ್ತ್ರಿಗಳಿಂದ ತಿಳಿಯಬೇಕಾಯಿತು.

ಇಷ್ಟಾದ ಮೇಲೆ ರಬ್ಬರು. ಬಾಗಿಲಿನ ಸುತ್ತ ಮೊದಲಿದ್ದ ಬೀಡಿಂಗ್ ರಬ್ಬರು ಬಿಸಿಲಿಗೆ ಒಣಗಿ ಸಂಡಿಗೆಯಂತೆ ಪುಡಿಯಾಗುತ್ತಿತ್ತು. ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರಿನ ಪಟ್ಟಿ ಈಗ ಸಿಕ್ಕುತ್ತದೆ. ಬಿಸಿಲು ಗಾಳಿಗಳಿಗೆ ಅದು ಸಾಮಾನ್ಯ ರಬ್ಬರಿಗಿಂತ ಹೆಚ್ಚು ತಾಳುವುದು. ಎಷ್ಟು ದಪ್ಪದ್ದು ಬೇಕೆಂಬುದನ್ನು ಗೊತ್ತುಮಾಡಿದ ಉಪಾಯವನ್ನು ಗೃಹಿಣಿಯರು ಮೆಚ್ಚುವರು. ಮಿಸ್ತ್ರಿಗಳು ಮನೆಯಾಕೆಯಿಂದ ಚಪಾತಿಯ ಹಿಟ್ಟಿನ ನಾಲ್ಕು ಉಂಡೆ ಕೇಳಿ ಪಡೆದು, ತೆಳ್ಳನೆಯ ಪ್ಲಾಸ್ಟಿಕಿನಲ್ಲಿ ಸುತ್ತಿ, ಚೌಕಟ್ಟಿನ ನಾಲ್ಕು ಸ್ಥಳಗಳಲ್ಲಿ ಇಟ್ಟು ಬಾಗಿಲು ಮುಚ್ಚಿ ತೆಗೆದರು. ಉಂಡೆ ಎಷ್ಟು ದಪ್ಪಕ್ಕೆ ಅದುಮಿತ್ತೋ ಅಷ್ಟು ಸಂದು. ಅದಕ್ಕಿಂತ ಅರ್ಧದಷ್ಟು ಹೆಚ್ಚು ದಪ್ಪದ, ಒಳಗೆ ಟೊಳ್ಳಾದ ಪಟ್ಟಿಯನ್ನು ತರಿಸಿದರು. ಮುಚ್ಚಿದಾಗ ಮೂರರಲ್ಲೊಂದು ಪಾಲು ಅದುಮಿದರೆ ಸಾಕಂತೆ. ಅದಕ್ಕಿಂತ ದಪ್ಪದ್ದಾದರೆ ಬಾಗಿಲು ಮತ್ತೆ ಬಿಗಿಯಾಗುವುದು, ಮತ್ತೆ ಅದೇ ಕಥೆ. ಉಳಿದ ಹಿಟ್ಟನ್ನು ಮನೆಯಾಕೆ ಹಸುವಿಗೆ ಹಾಕಿದಳು.

ಕಬ್ಬಿಣವನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ ಎರಡು ದಿನ ಒಣಗಲು ಬಿಟ್ಟೆವು. ಮಳೆಗಾಲದಲ್ಲಿ ಇದೇ ಕಷ್ಟದ ಭಾಗ; ಟಾರ್ಪಾಲು ಕಟ್ಟಿಕೊಂಡು ಕಾದೆವು. ಒದ್ದೆ ಕಬ್ಬಿಣಕ್ಕೆ ಅಂಟಿಸಿದ ರಬ್ಬರು ಒಂದು ತಿಂಗಳೂ ನಿಲ್ಲದು. ಪಟ್ಟಿಯನ್ನು ಎಳೆದು ಕೂರಿಸಬಾರದು, ಎಳೆದುದು ಕ್ರಮೇಣ ಹಿಂದಕ್ಕೆ ಸೇದಿಕೊಂಡು ಮೂಲೆಯಲ್ಲಿ ಸಂದು ಬಿಡುತ್ತದೆ. ಜೋಡಣೆ ಮೇಲ್ಗಡೆ ಬರಬಾರದು. ನಡುಗೀಲಿಗೆ ಅಂಟಿನ ಬದಲು ಹಳೆಯ ಲಾರಿಯ ಟ್ಯೂಬಿನಿಂದ ಕತ್ತರಿಸಿದ ಅಗಲವಾದ ಪಟ್ಟಿಯನ್ನು, ಮಡಿಚಿದಾಗ ಬಿಗಿಯದಂತೆ ಸಡಿಲ ಬಿಟ್ಟು, ಹೊರಗಡೆಯಿಂದ ಹೊದಿಸಿದರು. ಕದಗಳ ಕೆಳ ಅಂಚಿಗೆ ಅದೇ ಟ್ಯೂಬಿನ ನಾಲಗೆ, ಮೆಟ್ಟಲಿನ ಹೊರಕ್ಕೆ ಇಳಿಬಿದ್ದಿರುವಂತೆ. ರಬ್ಬರು ಕದಕ್ಕೆ ಹಿಡಿದುಕೊಳ್ಳಬಾರದೆಂದು ನಾನು ಕೊಬ್ಬರಿ ಎಣ್ಣೆಯ ಬಟ್ಟಲು ತಂದರೆ ಮಿಸ್ತ್ರಿಗಳು ನಕ್ಕು, “ತಲೆಗೆ ಹಚ್ಚಿಕೊಳ್ಳಿ ಮೇಷ್ಟ್ರೇ” ಎಂದರು. ಎಣ್ಣೆಯೂ ಗ್ರೀಸೂ ಈ ಪಟ್ಟಿಗೆ ಆಗದು. ಗ್ರೀಸು ತಗುಲಿದರಂತೂ ಉಬ್ಬಿ ಕೆಡುವುದು. ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ಸವರಿದರು.

ಕಡೆಯದಾಗಿ ಮೆಟ್ಟಲು. ತುಕ್ಕು ತಿಂದ ಸ್ಥಳಕ್ಕೆ ತಗಡಿನ ತೇಪೆ ಹಾಕಿದ ಮೇಲೆ, ಅದರ ಅತಿ ತಗ್ಗಿನ ಮೂಲೆಯಲ್ಲಿ ತಾವೇ ಡ್ರಿಲ್ಲಿನಿಂದ ಎರಡು ತೂತು ಕೊರೆದರು! ಈಗತಾನೆ ಮುಚ್ಚಿದುದನ್ನು ಮತ್ತೆ ಕೊರೆಯುವುದು ಯಾವ ನ್ಯಾಯವೆಂದು ಕೇಳಿದೆನು. “ನೀರಿಗೆ ನೀವು ಎಷ್ಟು ಬಾಗಿಲು ಹಾಕಿದರೂ ಒಂದು ಹನಿ ಬಂದೇ ಬರುತ್ತೆ. ಮಕ್ಕಳ ಕೊಡೆಯಿಂದ ಬರುತ್ತೆ, ಕಾಲಿನಿಂದ ಬರುತ್ತೆ. ಬಂದದ್ದು ಹೋಗಬೇಡವೆ?” ಎಂದರು. ಪ್ರಣಾಲಿಯೆಂದರೆ ನೀರಿನ ದಾರಿಯೆಂದು ಕೋಶದಲ್ಲಿರುವುದು ನೆನಪಾಗಿ ನಾನು ಸುಮ್ಮನಾದೆನು. ಕೊನೆಗೆ ಒಂದು ಕಾಗದದ ಚೂರನ್ನು ಕದದ ಸಂದಿನಲ್ಲಿಟ್ಟು ಮುಚ್ಚಿ ಎಳೆದು ನೋಡಿದೆವು. ಸುತ್ತಲೂ ಎಲ್ಲೆಲ್ಲಿಯೂ ಹರಿಯದೆ, ಆದರೆ ತಡೆದು ತಡೆದು ಬಂದರೆ ರಬ್ಬರು ಸರಿಯಾಗಿ ಕೂತಿದೆಯೆಂದು ಅರ್ಥ.

ಎಲ್ಲ ಸಂದುಗಳನ್ನೂ ಮುಚ್ಚಿದ ಮೇಲೆ ಗಾಳಿಯ ಗತಿಯೇನು ಎಂಬ ಪ್ರಶ್ನೆ ಬರುತ್ತದೆ. ಬೇಲೂರಿನ ಚೆನ್ನಕೇಶವನ ಗುಡಿ ಪ್ರತಿಷ್ಠೆಯಾದದ್ದು 1117ರಲ್ಲಿ. ಅದರ ನವರಂಗವು ಮೊದಲು ಸುತ್ತಲೂ ತೆರೆದಿದ್ದು, ಎರಡನೆಯ ಬಲ್ಲಾಳನ ಕಾಲದಲ್ಲಿ ಬಾಗಿಲುಗಳನ್ನೂ ಕಂಬಗಳ ನಡುವೆ ಕಲ್ಲಿನ ಜಾಲಂಧ್ರಗಳನ್ನೂ ಸೇರಿಸಿ ಮುಚ್ಚಿದರೆಂದು ವಿದ್ವಾಂಸರು ಹೇಳುತ್ತಾರೆ. ಮುಚ್ಚಿದರೂ ಉಸಿರಾಡುವಂತೆ ಮುಚ್ಚಿದರು. ನಾವೂ ಬಸ್ಸಿನ ಎದುರುಬದುರಿನ ಎ‌ರಡು ಕಿಟಕಿಗಳ ಮೇಲ್ಗಾಜನ್ನು ತೆಗೆದು ಸೊಳ್ಳೆಯ ಜಾಲರಿಯನ್ನೂ ಅದರ ಮೇಲೊಂದು ಸಣ್ಣ ಮರೆಯನ್ನೂ ಕೂರಿಸಿದೆವು. ಇದನ್ನು ಸೌಕರ್ಯಕ್ಕಾಗಿ ಮಾತ್ರ ಹೇಳುತ್ತಿಲ್ಲ. ಇಂಥ ಗಾಡಿಯಲ್ಲಿ ವಾಸಮಾಡುವವರು ಚಳಿಗೆಂದು ಇದ್ದಲಿನ ಅಗ್ಗಿಷ್ಟಿಕೆಯನ್ನು ಒಳಗೆ ತಂದಿಟ್ಟುಕೊಂಡು ಬಾಗಿಲು ಮುಚ್ಚಿ ಮಲಗುವುದುಂಟು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಚೆನ್ನಾಗಿ ಮುಚ್ಚಿದ ಬಸ್ಸಿನಲ್ಲಿ ಈ ಅಪಾಯವು ಸೋರುವ ಬಸ್ಸಿಗಿಂತ ಹೆಚ್ಚು. ನಮ್ಮಲ್ಲಿ ಬೆಂಕಿಯನ್ನು ಒಳಗೆ ತರಕೂಡದೆಂದು ನಿಯಮ ಮಾಡಿದ್ದೇನೆ. ಚಳಿಯಾದವರು ಕಂಬಳಿ ತರಲಿ.

ಸಾಮಾನೂ ಕೂಲಿಯೂ ಸೇರಿ ಮೂರು ಸಾವಿರ ರೂಪಾಯಿಯೊಳಗೆ ಮುಗಿಯಿತು. ಮಿಸ್ತ್ರಿಗಳು ಹೊರಡುವಾಗ, ವರ್ಷಕ್ಕೊಂದು ಸಾರಿ, ಮಳೆಗೆ ಮುಂಚೆ, ಕರ್ಣಗಳನ್ನು ದಾರದಿಂದ ಅಳೆಯಿರೆಂದೂ ತಿಂಗಳಿಗೊಂದು ಸಾರಿ ಹಿಂಬಾಗಿಲನ್ನು ತೆರೆದು ಮುಚ್ಚಿರೆಂದೂ ಹೇಳಿಹೋದರು.

ಹುಡುಗಿ ಬಾರದೆ ಹನ್ನೊಂದು ದಿನವಾಗಿತ್ತು. ನಾನು ಅವರ ಮನೆಗೆ ಹೋಗಿ ತಾಯಿಯನ್ನು ಕಂಡು, “ತಪ್ಪು ನನ್ನದಮ್ಮ. ಒಂದು ಸಾರಿ ಬಂದು ನೀನೇ ನೋಡು, ಆಮೇಲೆ ಕಳಿಸು, ಬಿಡು” ಎಂದೆನು. ಆಕೆ ಬಂದಳು. ಮೆಟ್ಟಲು ನೋಡಲಿಲ್ಲ, ರಬ್ಬರು ನೋಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಒಳಗಿನಿಂದ ತೆರೆದಳು. ಮತ್ತೆ ಹಾಕಿಕೊಂಡು ಎಡಗೈಯಿಂದ ತೆರೆದಳು. ಹಿಂಬಾಗಿಲಿಗೆ ಹೋಗಿ ಅದನ್ನೂ ಎರಡು ಸಾರಿ ತೆರೆದಳು. ಏಳು ವರ್ಷದ ಹುಡುಗನನ್ನು ಕರೆಸಿ, “ನೀನು ತೆಗಿ ನೋಡೋಣ” ಎಂದಳು. ಅವನು ಹೆದರುತ್ತ ಹೆದರುತ್ತ ಚಿಲಕ ಸರಿಸಿ, ತೆರೆದುಕೊಂಡದ್ದನ್ನು ಕಂಡು, ಹೊರಕ್ಕೆ ಹಾರಿ, ಸುತ್ತಿಕೊಂಡು ಬಂದು ಮುಂಬಾಗಿಲಿನಿಂದ ಮತ್ತೆ ಒಳಗೆ ಹತ್ತಿದನು. ಹೀಗೆ ಐದಾರು ಸುತ್ತು.

ಪುಷ್ಯದ ಮಳೆ ಆ ವರ್ಷ ಮೂರು ದಿನ ಬಿಡದೆ ಹೊಡೆಯಿತು. ಹುಡುಗಿ ಮೇಜಿನ ಮುಂದೆ ಕೂತು, ನೆನೆದ ಟಿಪ್ಪಣಿಯನ್ನು ಬೆಳಕಿಗೆ ಹಿಡಿದು, ಅಳಿಸಿದ ಸಾಲುಗಳನ್ನು ನನ್ನನ್ನು ಕೇಳಿಕೊಂಡು ಹೊಸ ಪುಸ್ತಕಕ್ಕೆ ಇಳಿಸುತ್ತಿದ್ದಳು. ಗೆಳತಿಗೆ ಹಿಂದಿರುಗಿಸಬೇಕಾದದ್ದು ಅದು. ಹೊರಗೆ ಸೂರಿನ ಪಟ್ಟಿಯ ತುದಿಯಿಂದ ನೀರು ಒಂದೇ ಧಾರೆಯಾಗಿ ತೆಂಗಿನ ಬುಡಕ್ಕೆ ಬೀಳುತ್ತಿತ್ತು. ಮೆಟ್ಟಲಿನ ಮೇಲೆ ಮಕ್ಕಳ ಕಾಲಿನ ನೀರು ನಿಂತಿತ್ತು. ನಾನು ನೋಡುತ್ತಿದ್ದ ಹಾಗೆಯೇ ಅದು ಮೂಲೆಯ ಎರಡು ತೂತುಗಳ ಕಡೆಗೆ ಸರಿದು ಇಳಿದುಹೋಯಿತು.